ದಂಡಿನ ರೋಸ್ಟ್: ನೀರು ಇಂಗಿದ ಮೇಲಿನ ರಸಾಯನ

1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿನ ಹಲಸೂರಿನ ಪಕ್ಕ ದಂಡು ಹೂಡಿತು. ಅದರ ಬೆನ್ನಿಗೆ ರೋಸ್ಟೂ ಬಂತು. ಓವನ್ ಮಾತ್ರ ಎಲ್ಲರ ಮನೆಗೆ ಬರಲಿಲ್ಲ. ಹಾಗಾಗಿ ಇಲ್ಲಿನ ಆಂಗ್ಲೋ ಇಂಡಿಯನ್ ಅಡುಗೆಮನೆಗಳಲ್ಲಿ ಹಂದಿ ಮಾಂಸದ ರೋಸ್ಟ್ ತಳ ದಪ್ಪಗಿರುವ ಪಾತ್ರೆಯಲ್ಲಿ, ಒಲೆಯ ಮೇಲೆಯೇ ಆಗುತ್ತದೆ. ಕೊಬ್ಬಿನ ಸಮೇತ ಒಂದು ಕಿಲೋ ಭುಜದ ತುಂಡು, ಉಪ್ಪು, ಕಾಳುಮೆಣಸು, ಚಕ್ಕೆ, ಲವಂಗ, ಮುರಿದ ಒಣಮೆಣಸಿನಕಾಯಿ, ಅರ್ಧ ಮುಳುಗುವಷ್ಟು ನೀರು. ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ, ನೀರು ಇಂಗಿದ ಮೇಲೆ ಅದೇ ಕೊಬ್ಬಿನಲ್ಲಿ ಹೊರಳಿಸಿ ಕೆಂಪಗೆ ಮಾಡಿ, ಆಲೂಗಡ್ಡೆ ಸೇರಿಸಿದರೆ ಊಟ ಸಿದ್ಧ.

ಪಾಶ್ಚಾತ್ಯ ಪಾಕಪುಸ್ತಕಗಳು ಬಹಳ ಕಾಲ ಇದಕ್ಕೆ ತದ್ವಿರುದ್ಧ ಹೇಳಿದವು: ಮೊದಲು ಜೋರು ಉರಿಯಲ್ಲಿ ಮೇಲ್ಮೈ ಹುರಿದರೆ ರಸ ಒಳಗೇ ಉಳಿಯುತ್ತದೆ ಎಂದು. 1847ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಪ್ರಚಾರಕ್ಕೆ ತಂದ ನಂಬಿಕೆ ಇದು. ನಿಜವಲ್ಲ. ಹುರಿದ ಪದರದಿಂದಲೂ ರಸ ಸೋರುತ್ತದೆ. ಬಾಣಲೆಯಲ್ಲಿ ಕೇಳುವ ಚರಚರ ಸದ್ದೇ ಅದಕ್ಕೆ ಸಾಕ್ಷಿ.

ಮಾಂಸ ಮೆತ್ತಗಾಗುವ ಕತೆ ಸ್ವಲ್ಪ ವಿಚಿತ್ರ. 50 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸ್ನಾಯುವಿನ ಪ್ರೋಟೀನುಗಳು ಬಿಗಿಯತೊಡಗುತ್ತವೆ. 65-70ರ ಹೊತ್ತಿಗೆ ರಸವನ್ನು ಹಿಂಡಿ ಹೊರಹಾಕುತ್ತವೆ. ಆಗ ತಿಂದರೆ ಭುಜದ ಮಾಂಸ ರಬ್ಬರು. ಆದರೆ ಎಳೆಗಳನ್ನು ಕಟ್ಟಿಟ್ಟಿರುವ ಕೊಲಾಜನ್ ಸಡಿಲಗೊಳ್ಳುವುದು 70 ಡಿಗ್ರಿ ಮೀರಿದ ಮೇಲೆ, ಅದೂ ಗಂಟೆಗಟ್ಟಲೆ ಕಾದ ಮೇಲೆ. ಅದು ಜೆಲಟಿನ್ ಆಗಿ ಕರಗಿ ಒಣಗಿದ ಎಳೆಗಳಿಗೆ ಮತ್ತೆ ನುಣುಪು ಕೊಡುತ್ತದೆ. ಶಿವಾಜಿನಗರದ ಪಾಯಾ, ಅಂದರೆ ಕಾಲು ಸೂಪು, ಆರಿದಾಗ ಗಟ್ಟಿಕಟ್ಟುವುದು ಈ ಜೆಲಟಿನ್‌ನಿಂದಲೇ. ಬೆನ್ನಿನ ಕೊಬ್ಬಿಲ್ಲದ ತುಂಡಿನಲ್ಲಿ ಕೊಲಾಜನ್ ಕಡಿಮೆ. ಅದನ್ನು ಹೀಗೆ ಬೇಯಿಸಿದರೆ ಹಾಳು. ಅಂಗಡಿಯಲ್ಲಿ ಭುಜದ್ದನ್ನೇ ಕೇಳಿ ತನ್ನಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟು ಏರಿಸಿದರೂ ಪಾತ್ರೆಯಲ್ಲಿ ನೀರಿರುವ ತನಕ ಮಾಂಸ ಅದಕ್ಕಿಂತ ಹೆಚ್ಚು ಬಿಸಿಯಾಗದು. ಗ್ಯಾಸ್ ಖರ್ಚು, ಅಷ್ಟೆ. ಆತುರವಿದ್ದರೆ ಕುಕ್ಕರ್ ಇದೆ. ಒತ್ತಡದಿಂದ ಅದರೊಳಗೆ 120 ಡಿಗ್ರಿಯ ಹತ್ತಿರ ಹೋಗಬಹುದು, ಕೊಲಾಜನ್ ಬೇಗ ಕರಗುತ್ತದೆ. ಆದರೆ ರೋಸ್ಟಿನ ಬಣ್ಣ, ಪರಿಮಳ ಮಾತ್ರ ಅಲ್ಲಿ ಹುಟ್ಟುವುದಿಲ್ಲ.

ಅದಕ್ಕೆ ಬೇಕಾದದ್ದು ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಗಳೂ ಕೂಡಿ ನಡೆಸುವ ಕ್ರಿಯೆ. 1912ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮಯ್ಯಾರ್ ಹೆಸರೇ ಅದಕ್ಕೆ ಅಂಟಿದೆ. ಇದು ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಕೊನೆಯ ಹನಿ ನೀರು ಆರುವ ತನಕ ಆ ಬಿಸಿ ಬಾರದು. ಆರಿದ ಮೇಲೆ ಕರಗಿದ ಕೊಬ್ಬು ಸರ್ರನೆ ಮೇಲೇರುತ್ತದೆ. ಥರ್ಮಾಮೀಟರ್ ಬೇಡ, ಕಿವಿ ಸಾಕು: ಕೊತಕೊತ ನಿಂತು ಚಟಪಟ ಶುರುವಾದಾಗ ಉರಿ ತಗ್ಗಿಸಿ, ಪಾತ್ರೆ ಬಿಟ್ಟು ಕದಲಬೇಡಿ. ಐದು ನಿಮಿಷ ಮರೆತರೆ ಸೀದು ಕಹಿ. ಒಪ್ಪಿಕೊಳ್ಳಬೇಕಾದ ಕೊರತೆ ಒಂದಿದೆ: ನೀರಲ್ಲಿ ನೆನೆದ ತೊಗಲು ಪಾತ್ರೆಯಲ್ಲಿ ಹಪ್ಪಳದಂತೆ ಗರಿಗರಿಯಾಗದು. ಅದು ಬೇಕಿದ್ದವರು ಓವನ್ನಿಗೇ ಹೋಗಬೇಕು.

ಇನ್ನು ಹುಳುವಿನ ಭಯ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ತುಂಡಿನ ಹಂದಿ ಮಾಂಸಕ್ಕೆ 63 ಡಿಗ್ರಿ, ಇಳಿಸಿದ ಮೇಲೆ ಮೂರು ನಿಮಿಷದ ವಿರಾಮ ಸಾಕು ಎಂದಿತು. ಅದು ಅಲ್ಲಿನ ಹಂದಿ ಸಾಕಣೆಯನ್ನು ನೋಡಿ ಹೇಳಿದ ಮಾತು. ಬೀದಿಯಲ್ಲಿ ಮೇಯುವ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಗುಳ್ಳೆಗಳಿರಬಹುದು, ನಸುಗೆಂಪು ಉಳಿಸುವ ಚಾಳಿ ನಮಗೆ ಬೇಡ. ಗಂಟೆಗಟ್ಟಲೆ ಕುದಿದ ದಂಡಿನ ರೋಸ್ಟಿನಲ್ಲಿ ಅವು ಬದುಕಿರುವುದಿಲ್ಲ. ಆದರೆ ಮಿದುಳಿಗೆ ಸೇರಿ ಅಪಸ್ಮಾರ ತರುವುದು ಮಾಂಸದ ಗುಳ್ಳೆಯಲ್ಲ, ಹೊಟ್ಟೆಗೆ ಹೋದ ಆ ಹುಳುವಿನ ಮೊಟ್ಟೆಯೊಡೆದು ಬಂದ ಮರಿ. ಮೊಟ್ಟೆ ಮನುಷ್ಯರ ಮಲದಿಂದ, ತೊಳೆಯದ ಕೈ, ಕೊಳಕು ನೀರು, ಹಸಿ ತರಕಾರಿಗಳ ಮೂಲಕ ಬರುತ್ತದೆ, ಸಸ್ಯಾಹಾರಿಗಳನ್ನೂ ಬಿಡುವುದಿಲ್ಲ. ರೋಸ್ಟಿನ ಪಕ್ಕ ಸಲಾಡ್ ಇಡುವುದಿದ್ದರೆ ಸೌತೆಕಾಯಿ, ಕೊತ್ತಂಬರಿ ಸೊಪ್ಪನ್ನು ಚೆನ್ನಾಗಿ ತೊಳೆಯಿರಿ. ಅದಕ್ಕೂ ಮೊದಲು ಕೈಯನ್ನು, ಸೋಪು ಹಾಕಿ.