ಹಬ್ಬದ ಉಡುಗೊರೆಗೆ ಮಾತ್ರೆಯ ಹಣ ಬೇಡ

ದೀಪಾವಳಿ ಮುಗಿದ ಮರುವಾರ ನನ್ನ ಕ್ಲಿನಿಕ್‌ಗೆ ಐವತ್ತೆಂಟು ವರ್ಷದ ತಾಯಿಯೊಬ್ಬರು ಬಂದರು. ಬೆಳಿಗ್ಗೆ ಬಲಗೈ ಜೋಮು ಹಿಡಿದಂತಾಗಿ ಕೈಲಿದ್ದ ಲೋಟ ಜಾರಿ ಬಿತ್ತಂತೆ. ಮಾತೂ ತೊದಲಿತಂತೆ. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು. ರಕ್ತದೊತ್ತಡ ನೋಡಿದರೆ 190/110.

"ಮಾತ್ರೆ ಮುಗಿದು ಇಪ್ಪತ್ತು ದಿನ ಆಯ್ತು ಡಾಕ್ಟ್ರೇ. ಮಗಳ ಮೊದಲನೇ ದೀಪಾವಳಿ. ಅಳಿಯಂದ್ರಿಗೆ ಉಂಗುರ, ಬೀಗರ ಮನೆಯವರಿಗೆಲ್ಲ ಬಟ್ಟೆ. ಹಬ್ಬ ಕಳೀಲಿ, ಆಮೇಲೆ ತಗೊಂಡ್ರಾಯ್ತು ಅಂದ್ಕೊಂಡೆ" ಎಂದರು.

ಅದು ಪಾರ್ಶ್ವವಾಯುವಿನ ಮುನ್ಸೂಚನೆ. ಕೂಡಲೇ ಆಸ್ಪತ್ರೆಗೆ ಕಳಿಸಿದೆ. ಅದೃಷ್ಟವಶಾತ್ ಅಪಾಯದಿಂದ ಪಾರಾದರು.

ಉಂಗುರದ ಬೆಲೆಯ ಮುಂದೆ ಆಕೆಯ ಮಾತ್ರೆಯ ಖರ್ಚು ಲೆಕ್ಕಕ್ಕೇ ಇಲ್ಲ. ಆದರೂ ಮೊದಲು ನಿಂತದ್ದು ಮಾತ್ರೆಯೇ. ಏಕೆಂದರೆ ಬಟ್ಟೆ ಕಡಿಮೆಯಾದರೆ ನೆಂಟರಿಗೆ ತಿಳಿಯುತ್ತದೆ, ಅಮ್ಮನ ಮಾತ್ರೆ ನಿಂತರೆ ಮನೆಯವರಿಗೂ ತಿಳಿಯುವುದಿಲ್ಲ. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಇಂಥವರನ್ನು ಪ್ರತಿವರ್ಷ ನೋಡುತ್ತೇನೆ.

ನಿಲ್ಲಿಸಿದರೆ ಏನಾಗುತ್ತದೆ?

ರಕ್ತದೊತ್ತಡ ಏರಿದ್ದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. "ನಾನು ಚೆನ್ನಾಗಿಯೇ ಇದ್ದೇನೆ" ಎಂಬ ಭಾವನೆ ಮೋಸದ್ದು. ಕೆಲವು ರಕ್ತದೊತ್ತಡದ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತಲೂ ಮೇಲೇರಬಹುದು. ಮೂರ್ಛೆರೋಗದ ಮಾತ್ರೆ ಬಿಟ್ಟರೆ ಫಿಟ್ಸ್ ಮರುಕಳಿಸಬಹುದು. ಇನ್ಸುಲಿನ್ ಅನ್ನಂತೂ ತಾವಾಗಿಯೇ ನಿಲ್ಲಿಸಲೇಬಾರದು. ಮುಖ ಸೊಟ್ಟಗಾಗುವುದು, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು ಕಂಡರೆ, ತಾನಾಗಿ ಸರಿಹೋದರೂ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯಷ್ಟೇ ಅವಕಾಶ.

ಸಾಲವೂ ದೇಹಕ್ಕೆ ಭಾರವೇ. ಚಿಂತೆಯಿಂದ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಮತ್ತು ಸಕ್ಕರೆ ಹತೋಟಿ ತಪ್ಪುತ್ತವೆ. ಕ್ರೆಡಿಟ್ ಕಾರ್ಡಿನಲ್ಲಿ ಖರೀದಿಸಿ ಪೂರ್ತಿ ಬಾಕಿ ತೀರಿಸದಿದ್ದರೆ, ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಎಂದರೂ ವರ್ಷಕ್ಕೆ 36 ರೂಪಾಯಿ. ಹಬ್ಬ ಮೂರು ದಿನ, ಕಂತು ಹಲವು ತಿಂಗಳು.

ಹೀಗೆ ಮಾಡಿ

1. ಹಬ್ಬದ ಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲಿ ಮನೆಯವರ ಎರಡು ತಿಂಗಳ ಔಷಧಿ ಬರೆಯಿರಿ. ಅದನ್ನು ಮೊದಲು ಕೊಂಡು ತಂದ ಮೇಲೆಯೇ ಬಟ್ಟೆ ಅಂಗಡಿಗೆ ಹೋಗಿ.

2. ಉಳಿದ ಹಣವನ್ನು ಬಟ್ಟೆ, ಉಡುಗೊರೆ, ಸಿಹಿ, ಪ್ರಯಾಣ ಎಂದು ಬೇರೆ ಬೇರೆ ಲಕೋಟೆಗಳಲ್ಲಿಡಿ. ಲಕೋಟೆ ಬರಿದಾದರೆ ಆ ಖರೀದಿ ಮುಗಿಯಿತು.

3. ಯುಗಾದಿಯಿಂದ ತಿಂಗಳಿಗೆ 500 ರೂಪಾಯಿ ತೆಗೆದಿಟ್ಟರೆ ಏಳು ತಿಂಗಳಲ್ಲಿ, ದೀಪಾವಳಿಯ ಹೊತ್ತಿಗೆ, 3,500 ರೂಪಾಯಿ ಕೈಯಲ್ಲಿರುತ್ತದೆ.

4. ಔಷಧಿಯ ಖರ್ಚೇ ಹೆಚ್ಚೆನಿಸಿದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಬ್ರಾಂಡ್ ಹೆಸರಿನವಕ್ಕಿಂತ ಅರ್ಧ ಅಥವಾ ಇನ್ನೂ ಕಡಿಮೆ ಬೆಲೆಗೆ ಸಿಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ.

5. ಸಕ್ಕರೆ ಕಾಯಿಲೆ ಇರುವ ಮನೆಗೆ ಕಿಲೋಗಟ್ಟಲೆ ಸಿಹಿ ಒಯ್ಯಬೇಡಿ. ಸ್ವಲ್ಪ ಬಾದಾಮಿ, ಕಡಲೆಬೀಜ ಸಾಕು. ಹಿರಿಯರಿಗೆ ಮೂರನೆಯ ರೇಷ್ಮೆ ಸೀರೆಗಿಂತ ಮೆತ್ತನೆಯ ಚಪ್ಪಲಿಯೋ ರಕ್ತದೊತ್ತಡ ನೋಡುವ ಯಂತ್ರವೋ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮ ಹಿರಿಯರು ಗೌರಿ ಬಾಗಿನದ ಮೊರದಲ್ಲಿ ಇಡುತ್ತಿದ್ದುದೇನು? ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಸಿನ ಕುಂಕುಮ, ಬಳೆ, ಒಂದು ರವಿಕೆ ಕಣ. ಬೆಳ್ಳಿಯ ತಟ್ಟೆ ಆಮೇಲೆ ಬಂದು ಸೇರಿದ್ದು. ತವರಿನ ಪ್ರೀತಿ ಆ ಮೊರದಲ್ಲೇ ತುಂಬಿಕೊಂಡಿತ್ತು.

ತವರಿಗೆ ಬರುವ ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಒಂದು ಮಾತು. ಏನು ಕೊಡುತ್ತಾರೆ ಎಂದು ನೋಡುವ ಮುಂಚೆ, "ಅಮ್ಮಾ, ನಿನ್ನ ಮಾತ್ರೆ ಎಷ್ಟು ದಿನಕ್ಕಿದೆ?" ಎಂದು ಕೇಳಿ. ಅಪ್ಪನನ್ನೂ ಕೇಳಿ. ಡಬ್ಬಿ ತೆರೆದು ಕಣ್ಣಾರೆ ನೋಡಿ.

ಮೇಲೆ ಹೇಳಿದ ತಾಯಿಯ ಮಗಳಿಗೆ ವಿಷಯ ತಿಳಿದದ್ದು ಆಸ್ಪತ್ರೆಯಲ್ಲಿ. ಈಗ ಪ್ರತಿ ತಿಂಗಳು ಅಮ್ಮನ ಮಾತ್ರೆ ತರುವುದು ಅವಳ ಕೆಲಸ. ಹೋದ ಬಾರಿ ತಪಾಸಣೆಗೆ ಜೊತೆಗೆ ಅಳಿಯನೂ ಬಂದಿದ್ದರು. ರಕ್ತದೊತ್ತಡ 130/80 ಇತ್ತು.