ಚಿತ್ರದ ಬೆನ್ನಿನ ಬರಹ

ನೂರು ವರ್ಷಗಳ ಹಿಂದೆ ಪಾಂಡವಪುರದಿಂದ ಹೊರಟ ಕಾಗದವೊಂದನ್ನು ಸಂಪಾದಿಸಬೇಕೆಂದು ಬಯಸುವವನು ಅಂಚೆಯ ಮುದ್ರೆಯಲ್ಲಿ ಆ ಹೆಸರನ್ನೇ ಅರಸುತ್ತ ಕುಳಿತರೆ ಬರಿಗೈಯಲ್ಲಿ ಏಳಬೇಕಾದೀತು. ಏಕೆಂದರೆ ಹೈದರ್ ಮತ್ತು ಟೀಪೂ ಇವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬಂಡೆಗಳ ನೆನಪಿನಿಂದ ಆ ಊರು ಸರ್ಕಾರದ ಕಡತಗಳಲ್ಲಿ ‘ಫ್ರೆಂಚ್ ರಾಕ್ಸ್’ ಎಂದೂ, ಸುತ್ತಣ ರೈತರ ಬಾಯಲ್ಲಿ ಹಿರೋಡೆಯೆಂದೂ ಕರೆಯಿಸಿಕೊಳ್ಳುತ್ತಿತ್ತು. ಕೃಷ್ಣರಾಜಪೇಟೆಗೆ ಹಾಗೆಯೇ ಅತ್ತಿಗುಪ್ಪೆಯೆಂಬ ಹಳೆಯ ಹೆಸರುಂಟು. ಶ್ರೀರಂಗಪಟ್ಟಣವು ಇಂಗ್ಲಿಷರ ನಾಲಗೆಯಲ್ಲಿ ‘ಸೆರಿಂಗಪಟಂ’ ಆಯಿತು. ನಾಗಮಂಗಲವೊಂದೇ ತನ್ನ ಹೆಸರನ್ನು ಹೆಚ್ಚು ಕೆಡಿಸಿಕೊಳ್ಳದೆ ಉಳಿಯಿತು. ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಕಾರ್ಡುಗಳನ್ನೂ ಅಂಚೆ ಚೀಟಿಗಳನ್ನೂ ಕೂಡಿಡಹೊರಟವನು ಚಿತ್ರವನ್ನು ನೋಡುವಷ್ಟೇ ಶ್ರದ್ಧೆಯಿಂದ ಅದರ ಬೆನ್ನನ್ನೂ ಓದಲು ಕಲಿಯಬೇಕು. ಪ್ರಾಚೀನ ಚರ್ಚೊಂದನ್ನು ವಿಷಯವಾಗಿ ಹಿಡಿದ ಸಂಗ್ರಹಕಾರನಿಗಂತೂ ಈ ಅಭ್ಯಾಸ ಅತ್ಯಾವಶ್ಯಕವೆಂಬುದು ನನ್ನ ದೃಢವಾದ ನಂಬಿಕೆ.

ಆ ಚರ್ಚು ಯಾವುದೆಂದರೆ, ಶ್ರೀರಂಗಪಟ್ಟಣದ ಕೋಟೆಯ ಹೊರಗೆ ಗಂಜಾಮಿನ ಹಾದಿಯಲ್ಲಿರುವ, 1800ರ ಸುಮಾರಿನಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಗುರುಗಳು ಕಟ್ಟಿಸಿದ ದೇವಾಲಯ. ಕನ್ನಡದ ಕಿವಿಗೆ ‘ಅಬ್ಬೆ’ಯೆಂದರೆ ತಾಯಿ, ಫ್ರೆಂಚರಲ್ಲಿ ಅದು ತಂದೆಯೆಂಬ ಅರ್ಥದಿಂದ ಹೊರಟು ಪಾದ್ರಿಗಳಿಗೆ ಸಂದ ಗೌರವದ ಮಾತು. ಮೈಸೂರು ಸೀಮೆಯ ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದೇ ಕರೆದರು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಕ್ರೈಸ್ತ ಕುಟುಂಬಗಳ ಬವಣೆ, 1799ರಲ್ಲಿ ಪಟ್ಟಣ ಬಿದ್ದ ಮೇಲೆ ಚೆದರಿಹೋಗಿದ್ದ ಸಭೆ, ಗುರುವಿಲ್ಲದೆ ದಿಕ್ಕುಗೆಟ್ಟಿದ್ದ ಬಡ ಒಕ್ಕಲುಗಳು, ಇವೆಲ್ಲವುಗಳ ನಡುವೆ ರುಮಾಲು ಸುತ್ತಿ, ದೇಶೀಯರ ಉಡುಪನ್ನೇ ಉಟ್ಟು ಬಂದ ಈ ಗುರುಗಳು ಕ್ರೈಸ್ತ ರೈತರಿಗಾಗಿ ಬೇಸಾಯದ ವಸತಿಗಳನ್ನು ಏರ್ಪಡಿಸಿದರು. ಸಿಡುಬಿನ ಹಾವಳಿಯನ್ನು ತಡೆಯಲು 1803-04ರಲ್ಲಿ 25,000ಕ್ಕೂ ಮಿಕ್ಕಿದ ಜನರಿಗೆ ದೇವಿ ಹಾಕಿಸಿದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು 2,000 ವರಹಗಳಿಗೆ ಕೊಂಡರು. ಅದು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಯೂರೋಪಿನಲ್ಲೆಲ್ಲ ಹೆಸರಾಯಿತು. ಆ ಗ್ರಂಥದ ಬಹುಭಾಗ ಅವರಿಗಿಂತ ಹಿಂದಿನ ಜೆಸ್ಯುಯಿಟ್ ಪಾದ್ರಿ ಕರ್ದೂ ಎಂಬವರ ಬರಹದಿಂದ ಬಂದದ್ದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಆದ್ದರಿಂದ ದುಬಾಯರ ಕೀರ್ತಿಯನ್ನು ಗ್ರಂಥಕ್ಕಿಂತ ಈ ಕಟ್ಟಡದಲ್ಲಿಯೂ ದೇವಿ ಹಾಕಿಸಿಕೊಂಡ ತೋಳುಗಳಲ್ಲಿಯೂ ಅರಸುವುದೇ ಯುಕ್ತವೆಂದು ನಾನು ಬಗೆಯುತ್ತೇನೆ. 1823ರಲ್ಲಿ ಅವರು ಭಾರತವನ್ನು ಬಿಟ್ಟರು. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಇನ್ನು ಕಾರ್ಡಿನ ಕಥೆ. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾದಲ್ಲಿ ಹುಟ್ಟಿದ ಅಂಚೆ ಕಾರ್ಡು 1879ರ ಜುಲೈ 1ರಂದು ಕಾಲಾಣೆಯ ಬೆಲೆಗೆ ಭಾರತಕ್ಕೆ ಬಂದಿತು. ಅದು ಚಿತ್ರವಿಲ್ಲದ ಬರಿಯ ಕಾರ್ಡು. ಚಿತ್ರದ ಕಾರ್ಡುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊದಲಾಗಿ, ಮದರಾಸಿನ ಹಿಗಿನ್‌ಬಾಥಮ್ಸ್, ವೀಲೆ ಮತ್ತು ಕ್ಲೈನ್ ಮುಂತಾದ ವ್ಯಾಪಾರಿಗಳ ಕೈಯಲ್ಲಿ ಬೆಳೆದವು. ಶ್ರೀರಂಗಪಟ್ಟಣದ ಕಾರ್ಡುಗಳ ಕಟ್ಟನ್ನು ಬಿಚ್ಚಿ ನೋಡಿದರೆ ದರಿಯಾ ದೌಲತ್ತು, ಗುಂಬಜು, ಸೆರೆಮನೆ, ಕೋಟೆಯ ಗೋಡೆ, ಮುತ್ತಿಗೆಯ ಸ್ಮಾರಕಸ್ತಂಭ, ಇವೇ ಮತ್ತೆ ಮತ್ತೆ ಎದುರಾಗುತ್ತವೆ. ಅವುಗಳ ಗಿರಾಕಿಗಳು ಬಹುಮಟ್ಟಿಗೆ ಯುದ್ಧದ ನೆನಪನ್ನು ಅರಸಿ ಬಂದ ಆಂಗ್ಲರಾಗಿದ್ದುದರಿಂದ, ಒಕ್ಕಲು ಮಕ್ಕಳು ಮಂಡಿಯೂರುತ್ತಿದ್ದ ಸರಳವಾದ ಚರ್ಚಿನ ಕಡೆಗೆ ಛಾಯಾಗ್ರಾಹಕನ ಕಣ್ಣು ಹೊರಳಲು ಹೆಚ್ಚಿನ ಕಾರಣವಿರಲಿಲ್ಲ. ಇಂಥ ಚರ್ಚನ್ನು ಅರಸುವವನು ಪ್ರವಾಸಿಗಳ ಕಾರ್ಡುಗಳಲ್ಲಿಯೇ ತಡಕದೆ, ತಮ್ಮ ಕಾರ್ಯಕ್ಕೆ ಧನಸಹಾಯವನ್ನು ಬೇಡಿ ಫ್ರಾನ್ಸಿನ ಧರ್ಮಸಂಸ್ಥೆಗಳು ಅಚ್ಚು ಹಾಕಿಸಿದ ಕಾರ್ಡುಗಳ ಗುಂಪಿಗೂ ಕೈಹಾಕಬೇಕು. ಅವುಗಳ ವಿವರಣೆ ಫ್ರೆಂಚಿನಲ್ಲಿದ್ದು ಊರುಗಳ ಹೆಸರಿನ ಕಾಗುಣಿತವೂ ಬೇರೆಯಾಗಿರುತ್ತದೆ.

ಕಾರ್ಡು ಕೈಗೆ ಬಂದ ಮೇಲೆ ಅದರ ಕಾಲವನ್ನು ಹೇಗೆ ತಿಳಿಯುವುದು? ಮೊದಲು ಬೆನ್ನನ್ನು ನೋಡಿ. ವಿಳಾಸಕ್ಕೊಂದು ಭಾಗ, ಒಕ್ಕಣೆಗೊಂದು ಭಾಗವೆಂದು ನಡುವೆ ಗೆರೆ ಎಳೆಯುವ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ ಬಂದಿತು. ಗೆರೆಯಿಲ್ಲದೆ, ಚಿತ್ರದ ಅಂಚಿನಲ್ಲಿಯೇ ನಾಲ್ಕು ಸಾಲು ಇಡಿಕಿರಿದು ಬರೆದಿದ್ದರೆ ಅದು ಆ ಹಳೆಯ ಪದ್ಧತಿಯ ಗುರುತು. ಅನಂತರ ಚೀಟಿಯ ಮೇಲಣ ಮುಖವನ್ನು ನೋಡಿ: ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರ ಆಳ್ವಿಕೆಯ ವರ್ಷಗಳು ತಿಳಿದಿದ್ದರೆ ಮುದ್ರೆಯ ತಾರೀಖು ಅಳಿಸಿದ್ದರೂ ಕಾರ್ಡು ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಕಾಲಾಣೆಯ ದರ 1922ರಲ್ಲಿ ಅರ್ಧಾಣೆಗೆ ಏರಿತು; 1957ರ ಏಪ್ರಿಲ್ 1ರಿಂದ ನಯಾಪೈಸೆಯ ಲೆಕ್ಕ ಬಂದಿತು; ಇವೆಲ್ಲ ಸಂಗ್ರಹಕಾರನಿಗೆ ಪಂಚಾಂಗದಂತೆ. ಭೂತಗನ್ನಡಿಯಲ್ಲಿ ನೋಡಿದಾಗ ಚಿತ್ರವು ಸಣ್ಣ ಸಣ್ಣ ಚುಕ್ಕಿಗಳ ಜಾಲರಿಯಾಗಿ ಒಡೆದರೆ ಅದು ಅಚ್ಚುಯಂತ್ರದ ಕೆಲಸ. ನೆರಳು ಬೆಳಕುಗಳು ಎಲ್ಲಿಯೂ ಒಡೆಯದೆ ಒಂದರೊಳಗೊಂದು ಕರಗಿದ್ದರೆ ನಿಜವಾದ ಛಾಯಾಚಿತ್ರ. ಮತ್ತೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ಮೈಸೂರು ಸಂಸ್ಥಾನದ ಅಂಚೆಯು 1889ರಲ್ಲಿ ಭಾರತ ಸರ್ಕಾರದ ಅಂಚೆಯೊಡನೆ ಸೇರುವ ತನಕ ಅಂಟಿಸುವ ಚೀಟಿಗಳನ್ನು ಹೊರಡಿಸಲಿಲ್ಲವಾದ್ದರಿಂದ, ಸಂಸ್ಥಾನದ ಅಂಚೆ ಚೀಟಿಯೆಂದು ಯಾರಾದರೂ ಏನನ್ನಾದರೂ ಮಾರಲು ಬಂದರೆ ಅದು ನ್ಯಾಯಾಲಯದ ಅಥವಾ ಕಂದಾಯದ ಚೀಟಿಯಾಗಿರಬಹುದೇ ಎಂದು ಪರೀಕ್ಷಿಸಿ ಕೊಳ್ಳಬೇಕು.

ಚೀಟಿಗಳ ಪುಟದಲ್ಲಿ 1974ನೆಯ ವರ್ಷ ಈ ವಿಷಯಕ್ಕೆ ಅಚ್ಚರಿಯ ಸುಗ್ಗಿಯನ್ನು ತಂದಿತು. ಆ ಜುಲೈ 15ರಂದು ಭಾರತದ ಅಂಚೆ ಇಲಾಖೆ ಹೊರಡಿಸಿದ ಮಹನೀಯರ ಮಾಲೆಯಲ್ಲಿ ಟೀಪೂ ಸುಲ್ತಾನನ 50 ಪೈಸೆಯ ಚೀಟಿಯೂ ಮ್ಯಾಕ್ಸ್ ಮುಲ್ಲರ್ ಪಂಡಿತನ 1 ರೂಪಾಯಿಯ ಚೀಟಿಯೂ ಒಟ್ಟಿಗೆ ಬಂದವು. ದುಬಾಯರು ಯಾರ ರಾಜಧಾನಿಯ ಪತನಾನಂತರ ಇಲ್ಲಿಗೆ ಬಂದರೋ ಅವನು ಒಂದು ಚೀಟಿಯಲ್ಲಿ. 1897ರಲ್ಲಿ ಅವರ ಗ್ರಂಥದ ಹೊಸ ಇಂಗ್ಲಿಷ್ ಆವೃತ್ತಿಗೆ ಯಾರು ಮುನ್ನುಡಿಯ ಮಾತುಗಳನ್ನು ಬರೆದರೋ ಅವನು ಮತ್ತೊಂದರಲ್ಲಿ! ಈ ಎರಡನ್ನೂ ಚರ್ಚಿನ ಛಾಯಾಚಿತ್ರವೊಂದರ ಎಡಬಲಗಳಲ್ಲಿ ಜೋಡಿಸಿದ ಆಲ್ಬಮ್ಮಿನ ಪುಟ ನನ್ನ ಮಟ್ಟಿಗೆ ದುಬಾರಿಯಾದ ಹತ್ತು ಚೀಟಿಗಳಿಗಿಂತ ಹೆಚ್ಚು. ಅದೇ ವರ್ಷ ಗೋವೆಯ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನೋತ್ಸವಕ್ಕೂ ಚೀಟಿ ಬಂದಿತು. ಅಂಥ ಉತ್ಸವಕ್ಕಾಗಿಯೇ 1931ರಲ್ಲಿ ಪೋರ್ಚುಗೀಸರ ಆಡಳಿತ ಹೊರಡಿಸಿದ್ದ ಮಾಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. 1964ರಲ್ಲಿ ಪೋಪ್ ಆರನೆಯ ಪೌಲರು ಮುಂಬಯಿಗೆ ಬಂದಾಗ ಸಂತ ತೋಮಾಸರ ಚೀಟಿ ಹೊರಟಿತ್ತು. ಬೆಂಗಳೂರಿನ ಶಿವಾಜಿನಗರದಲ್ಲಿ ದುಬಾಯರ ಕಾಲದ ಚಿಕ್ಕ ಗುಡಿಯಿಂದ ಬೆಳೆದ ಸಂತ ಮರಿಯಮ್ಮನವರ ದೇವಾಲಯಕ್ಕೆ 1973ರಲ್ಲಿ ಬೆಸಿಲಿಕಾ ಪದವಿಯನ್ನು ದಯಪಾಲಿಸಿದವರೂ ಅದೇ ಪೋಪರು.

ಯಾತ್ರೆಯ ಕಾರ್ಡಿಗೂ ಪ್ರವಾಸದ ಕಾರ್ಡಿಗೂ ಅಂತರವಿದೆ. ಪ್ರವಾಸಿಯು ತಾನು ನೋಡಿದ್ದನ್ನು ಇನ್ನೊಬ್ಬರಿಗೆ ತೋರಿಸಲೆಂದು ಕಾರ್ಡನ್ನು ಅಂಚೆಗೆ ಹಾಕುತ್ತಾನೆ. ಯಾತ್ರಿಕನು ಅದನ್ನು ಬೈಬಲ್ಲಿನ ಹಾಳೆಗಳ ನಡುವೆಯೋ ದೀಪದ ಗೂಡಿನಲ್ಲಿಯೋ ಇಟ್ಟುಕೊಳ್ಳುತ್ತಾನೆ. ಕೃಷ್ಣರಾಜಪೇಟೆಗೆ ನೆರೆಯಾದ ಕೃಷ್ಣರಾಜನಗರದ ಸೀಮೆಯಲ್ಲಿ, 2019ರಲ್ಲಿ ಬೆಸಿಲಿಕಾ ಪದವಿ ಪಡೆದ ಡೋರನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರಕ್ಕೆ ಜೂನ್ 13ರ ಹಬ್ಬದಂದು ಜಾತಿಮತಗಳ ಭೇದವಿಲ್ಲದೆ ಜನ ಸೇರುತ್ತಾರೆ. ತೇರು, ಮೇಣದಬತ್ತಿ, ಹರಕೆ, ಎಲ್ಲವೂ ನಮ್ಮ ಜಾತ್ರೆಗಳ ಬಂಧುಗಳೇ. ಇಂಥಲ್ಲಿ ಕೊಂಡ ಚಿತ್ರಪಟಗಳಲ್ಲಿ ಮೇಣದ ಕಲೆಯಿದ್ದರೆ, ಹಿಂದುಗಡೆ ಪೆನ್ಸಿಲಿನಲ್ಲಿ ಮಗುವಿನ ಹೆಸರೂ ಜ್ವರ ಬಿಟ್ಟ ತಾರೀಖೂ ಇದ್ದರೆ, ಅಂಗಡಿಯವನು ಅದನ್ನು ಕೆಟ್ಟ ಮಾಲೆಂದು ಬದಿಗಿಡುತ್ತಾನೆ; ಬಲ್ಲವನು ಮೊದಲು ಅದನ್ನೇ ಎತ್ತಿಕೊಳ್ಳುತ್ತಾನೆ. ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಕಾರ್ಡುಗಳೇನೋ ಬೇಕಾದಷ್ಟಿವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದ, 175 ಅಡಿಗಳ ಜೋಡಿ ಶಿಖರಗಳುಳ್ಳ ಆ ಕಟ್ಟಡವನ್ನು ಯಾವ ಕ್ಯಾಮೆರಾ ತಾನೇ ಬಿಟ್ಟೀತು!

ಸಂಗ್ರಹಕಾರರಲ್ಲಿ ‘ಮ್ಯಾಕ್ಸಿಮಮ್ ಕಾರ್ಡ್’ ಎಂಬ ಒಂದು ಬಗೆಯುಂಟು. ಚಿತ್ರದ ಕಾರ್ಡು, ಅದೇ ವಿಷಯದ ಚೀಟಿ, ಆ ವಿಷಯಕ್ಕೆ ಸಂಬಂಧಿಸಿದ ಊರಿನ ಮುದ್ರೆ, ಈ ಮೂರೂ ಕಾರ್ಡಿನ ಚಿತ್ರವಿರುವ ಮುಖದಲ್ಲಿಯೇ ಕೂಡಬೇಕು. ಚೀಟಿ ಚಲಾವಣೆಯಲ್ಲಿರುವ ಕಾಲದಲ್ಲಿಯೇ ಮುದ್ರೆ ಬಿದ್ದಿರಬೇಕು. ಟೀಪೂವಿನ ಚೀಟಿ, ದರಿಯಾ ದೌಲತ್ತಿನ ಕಾರ್ಡು, ಶ್ರೀರಂಗಪಟ್ಟಣದ ಮುದ್ರೆ ಒಂದಾದರೆ ಅದು ಸೊಗಸಾದ ಮಾದರಿ. 2011ರಿಂದೀಚೆಗೆ ಅಂಚೆ ಇಲಾಖೆಯ ‘ಮೈ ಸ್ಟ್ಯಾಂಪ್’ ಯೋಜನೆಯಲ್ಲಿ ನಾವು ಕೊಟ್ಟ ಭಾವಚಿತ್ರವನ್ನು ಚೀಟಿಯ ಮಗ್ಗುಲಲ್ಲಿ ಅಚ್ಚು ಮಾಡಿಸಿಕೊಳ್ಳಬಹುದಾದರೂ, ಆ ಮಗ್ಗುಲು ನಮ್ಮ ಅಲಂಕಾರವಷ್ಟೇ ಆದ್ದರಿಂದ ಅದನ್ನು ರಾಷ್ಟ್ರದ ಚೀಟಿಗೆ ಸಮನೆಂದು ಎಣಿಸುವುದು ಸರಿಯಲ್ಲ.

ಇಟ್ಟುಕೊಳ್ಳುವ ಬಗೆಯನ್ನು ಹೇಳದೆ ಈ ಅಧ್ಯಾಯ ಮುಗಿಯದು. ಹಳೆಯ ಕಾರ್ಡಿನ ಮೇಲಣ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸುವುದು ಮಹಾಪರಾಧ. ಚೀಟಿ ಮುದ್ರೆ ವಿಳಾಸಗಳು ಕೂಡಿದ್ದರೇನೇ ಅದು ದಾಖಲೆ. ಗೋಂದು, ಅಂಟುಪಟ್ಟಿ, ಗುಂಡುಸೂಜಿ ಇವುಗಳನ್ನು ಹತ್ತಿರ ಸೇರಿಸಬಾರದು. ಚೀಟಿಯನ್ನು ಬೆರಳಿನಿಂದಲ್ಲ, ಚಿಮಟಿಗೆಯಿಂದ ಎತ್ತಬೇಕು. ಕಾವೇರಿಯ ನಾಲೆಗಳ ಬಯಲಿನಲ್ಲಿ ಮಳೆಗಾಲದ ಥಂಡಿ ಗೋಡೆಗಳಿಗೂ ಇಳಿಯುವುದರಿಂದ ಆಲ್ಬಮ್ಮನ್ನು ಗೋಡೆಗೆ ಒತ್ತಿರುವ ಬೀರುವಿನಲ್ಲಿಡದೆ, ನಿಲ್ಲಿಸಿ, ಗಾಳಿಯಾಡುವ ಕಡೆ ಇರಿಸಿ, ಆಗಾಗ ತೆರೆದು ನೋಡಬೇಕು. ಬಿಸಿಲಿಗೆ ಮಾತ್ರ ಒಡ್ಡಬಾರದು.

ಹೊಸಬರು ಹಳೆಯ ಕಾರ್ಡುಗಳಿಗೆ ಹಣ ತೆರುವ ಮುಂಚೆ 50 ಪೈಸೆಯ ನಾಲ್ಕು ಕಾರ್ಡುಗಳನ್ನು ಕೊಂಡು, ಒಂದೊಂದರ ಮೇಲೆ ಆ ಹಳೆಯ ಚರ್ಚಿನ ರೇಖಾಚಿತ್ರವನ್ನು ಕೈಯಾರೆ ಬರೆದು, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಅಂಚೆ ಕಚೇರಿಗಳಿಗೆ ತಾವೇ ಹೋಗಿ, ತಮ್ಮ ವಿಳಾಸಕ್ಕೆ ಹಾಕಲಿ. ಮುದ್ರೆಯನ್ನು ಸ್ಫುಟವಾಗಿ ಒತ್ತಿರೆಂದು ಕೇಳಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಮಸಿ ಚೆನ್ನಾಗಿ ಆರಿದ ಮೇಲೆಯೇ ಕಾರ್ಡನ್ನು ಪೆಟ್ಟಿಗೆಗೆ ಸೇರಿಸಿರೆಂದೂ ಹೇಳಬಹುದು.