ಥ್ರೆಡ್‌ಗಳು ಎಲ್ಲಿ ಕಾದು ನಿಂತಿವೆ?

2020ರ ನವೆಂಬರ್ 25ರ ನಸುಕಿನಲ್ಲಿ ಅಮೆರಿಕದ ಉತ್ತರ ವರ್ಜೀನಿಯಾದ ಅಮೆಜಾನ್ ಡೇಟಾ ಕೇಂದ್ರಗಳಲ್ಲಿ 'ಕೈನೆಸಿಸ್' ಸೇವೆಗೆ ಇನ್ನೊಂದಿಷ್ಟು ಸರ್ವರ್‌ಗಳನ್ನು ಸೇರಿಸಲಾಯಿತು. ಲೆಕ್ಕವಿಲ್ಲದಷ್ಟು ಆ್ಯಪ್‌ಗಳು ಕಳಿಸುವ ಸಂದೇಶಗಳನ್ನು ಪಡೆದು, ಬೇಕಾದವರಿಗೆ ದಾಟಿಸುವ ಮಧ್ಯವರ್ತಿ ತಂತ್ರಾಂಶ ಅದು. ಸಾಮರ್ಥ್ಯ ಹೆಚ್ಚಿಸಿದ ಒಂದೆರಡು ಗಂಟೆಗಳಲ್ಲೇ ಸೇವೆ ತಡವರಿಸತೊಡಗಿತು. ಅದನ್ನು ನೆಚ್ಚಿಕೊಂಡಿದ್ದ ಲಾಗಿನ್ ಸೇವೆ 'ಕಾಗ್ನಿಟೊ', ನಿಗಾ ಸೇವೆ 'ಕ್ಲೌಡ್‌ವಾಚ್' ಕೂಡ ಕುಂಟಿದವು. ಎಲ್ಲವೂ ಸರಿಹೋದಾಗ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದಲ್ಲಿ ರಾತ್ರಿ ಹತ್ತು ದಾಟಿತ್ತು.

ಕಾರಣ ಥ್ರೆಡ್. ಒಂದೇ ಪ್ರೋಗ್ರಾಮಿನೊಳಗೆ ಬೇರೆ ಬೇರೆ ಕೆಲಸಗಳು ಏಕಕಾಲಕ್ಕೆ ಸಾಗಲು ಆಪರೇಟಿಂಗ್ ಸಿಸ್ಟಂ ಕೊಡುವ ದಾರಿ ಅದು. ಕೈನೆಸಿಸ್‌ನ ಮುಂಬದಿಯ ಪ್ರತಿ ಸರ್ವರ್ ತನ್ನ ಸಾಲಿನ ಉಳಿದ ಪ್ರತಿಯೊಂದು ಸರ್ವರ್ ಜೊತೆ ಮಾತಾಡಲು ಒಂದೊಂದು ಥ್ರೆಡ್ ತೆರೆಯುತ್ತಿತ್ತು. ಹೀಗಾಗಿ ಹೊಸದಾಗಿ ಬಂದ ಒಂದೊಂದು ಯಂತ್ರವೂ ಹಳೆಯ ಎಲ್ಲ ಯಂತ್ರಗಳ ಹೊರೆ ಹೆಚ್ಚಿಸಿತು. ಆಪರೇಟಿಂಗ್ ಸಿಸ್ಟಂನಲ್ಲಿ ನಿಗದಿಯಾಗಿದ್ದ ಥ್ರೆಡ್ ಮಿತಿಯನ್ನು ಆ ಸಾಲಿನ ಎಲ್ಲ ಸರ್ವರ್‌ಗಳೂ ಒಟ್ಟಿಗೇ ಮೀರಿದವು. ಯಾವ ಸಂದೇಶ ಹಿಂಬದಿಯ ಯಾವ ಸರ್ವರ್ ಗುಂಪಿಗೆ ಹೋಗಬೇಕೆಂಬ ನಕ್ಷೆಯನ್ನೂ ಅವಕ್ಕೆ ಪೂರ್ತಿ ಕಟ್ಟಿಕೊಳ್ಳಲಾಗಲಿಲ್ಲ.

ಇದು ದೊಡ್ಡವರ ಮನೆಯ ಸಂಗತಿ ಎಂದುಕೊಳ್ಳಬೇಕಿಲ್ಲ. ಬ್ಯಾಂಕು, ಆಸ್ಪತ್ರೆ, ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆ, ಎಲ್ಲೆಡೆ ಸಂದೇಶ ಸಾಗಿಸುವ ತಂತ್ರಾಂಶಗಳಿವೆ. ಅವು ನಿಧಾನವಾದಾಗ ಹೆಚ್ಚಿನ ಕಡೆ ಕಾಣುವ ಲಕ್ಷಣವೂ ಒಂದೇ: ಥ್ರೆಡ್‌ಗಳ ಸಂಖ್ಯೆ ಏರುತ್ತದೆ, ಸಿಪಿಯು ಮಾತ್ರ ಬಹುತೇಕ ಖಾಲಿ ಕೂತಿರುತ್ತದೆ. ಕೆಲಸ ಮಾಡುವ ಥ್ರೆಡ್‌ಗಳು ಕಡಿಮೆ, ಕಾಯುವವೇ ಹೆಚ್ಚು.

1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಒಂದು ಸರಳ ನಿಯಮ ಇಲ್ಲಿ ಕೈಹಿಡಿಯುತ್ತದೆ. ಸೆಕೆಂಡಿಗೆ ಬರುವ ಸಂದೇಶಗಳನ್ನು ಒಂದೊಂದಕ್ಕೆ ಹಿಡಿಯುವ ಸಮಯದಿಂದ ಗುಣಿಸಿದರೆ, ಸರಾಸರಿ ಎಷ್ಟು ಸಂದೇಶಗಳು ಒಳಗಿರುತ್ತವೆಂದು ಸಿಗುತ್ತದೆ. ಒಂದು ಸಂದೇಶಕ್ಕೆ ಒಂದು ಥ್ರೆಡ್ ಎಂದಿಟ್ಟುಕೊಳ್ಳಿ: ಸೆಕೆಂಡಿಗೆ 100 ಸಂದೇಶ, ಒಂದೊಂದಕ್ಕೆ 0.2 ಸೆಕೆಂಡ್ ಎಂದರೆ ಸರಾಸರಿ 20 ಥ್ರೆಡ್ ಸಾಕು. ಹಿಂದಿರುವ ಡೇಟಾಬೇಸ್ ಸುಸ್ತಾಗಿ ಉತ್ತರಕ್ಕೆ 5 ಸೆಕೆಂಡ್ ತೆಗೆದುಕೊಂಡಿತೋ, 500 ಬೇಕು! ಬರುವ ಸಂದೇಶ ಒಂದೂ ಹೆಚ್ಚಾಗಿಲ್ಲ. ಅಡುಗೆಮನೆಯಲ್ಲಿ ಕಾವಲಿ ಒಂದೇ ಇದ್ದಾಗ ಹೋಟೆಲಿಗೆ ಇನ್ನೂ ಹತ್ತು ಮಾಣಿಗಳನ್ನು ಸೇರಿಸಿದರೆ ದೋಸೆ ಬೇಗ ಬರುವುದಿಲ್ಲ. ಕಿಟಕಿಯ ಮುಂದೆ ನೂಕುನುಗ್ಗಲಾಗುತ್ತದೆ, ಅಷ್ಟೆ. ಥ್ರೆಡ್ ಮಿತಿ ಏರಿಸುವ ಆತುರದ ಪರಿಹಾರ ಇಂಥದ್ದು. ಪ್ರತಿ ಥ್ರೆಡ್ಡೂ ಮೆಮೊರಿ ಕೇಳುತ್ತದೆ, ಸೋತ ಡೇಟಾಬೇಸ್ ಮೇಲೆ ಇನ್ನಷ್ಟು ಬೇಡಿಕೆ ಹೇರುತ್ತದೆ.

ಇನ್ನೊಂದು ಆತುರ, ರೀಸ್ಟಾರ್ಟ್. ಸೇವೆ ಮರಳುತ್ತದೆ ನಿಜ, ಆದರೆ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಮೊದಲು ಅರ್ಧ ನಿಮಿಷ ಮೀಸಲಿಟ್ಟು 'ಥ್ರೆಡ್ ಡಂಪ್' ತೆಗೆಯಲೇಬೇಕು. ಆ ಕ್ಷಣ ಪ್ರತಿ ಥ್ರೆಡ್ ಕೋಡಿನ ಯಾವ ಸಾಲಿನಲ್ಲಿದೆ ಎಂಬ ಪಟ್ಟಿ ಅದು. ಜಾವಾದಲ್ಲಿ 'ಜೆಸ್ಟ್ಯಾಕ್' ಎಂಬ ಸಾಧನ ಇದನ್ನು ಕೊಡುತ್ತದೆ. ಒಂದು ಡಂಪ್ ಸಾಲದು. ಹತ್ತು ಸೆಕೆಂಡಿನ ಅಂತರದಲ್ಲಿ ಮೂರು ತೆಗೆದು ಹೋಲಿಸಿ. ಮೂರರಲ್ಲೂ ನೂರಾರು ಥ್ರೆಡ್‌ಗಳು ಅದೇ ಸಾಲಿನಲ್ಲಿದ್ದರೆ ಅಡಚಣೆಯ ಜಾಗ ಬಹುಮಟ್ಟಿಗೆ ಸಿಕ್ಕಿತು: ಡೇಟಾಬೇಸ್ ಸಂಪರ್ಕಕ್ಕೆ ಕಾಯುತ್ತಿರಬಹುದು, ಒಂದು ಸಲಕ್ಕೆ ಒಂದೇ ಥ್ರೆಡ್ಡಿಗೆ ಸಿಗುವ ಲಾಕ್‌ಗಾಗಿ ನಿಂತಿರಬಹುದು, ಗಡುವೇ ಇಲ್ಲದೆ ದೂರದ ಸರ್ವರಿನ ಉತ್ತರ ನಿರೀಕ್ಷಿಸುತ್ತಿರಬಹುದು.

ಥ್ರೆಡ್ ಸಂಖ್ಯೆಯ ಏರಿಳಿತವನ್ನೂ ಗಮನಿಸಬೇಕು. ಹಗಲು ಏರಿ ರಾತ್ರಿ ಇಳಿದರೆ ಅದು ಹೊರೆಯ ಪರಿಣಾಮ. ಸಂದೇಶಗಳು ಕಡಿಮೆಯಾದ ಮೇಲೂ ಇಳಿಯದೆ ದಿನದಿಂದ ದಿನಕ್ಕೆ ಏರುತ್ತಲೇ ಹೋದರೆ, ಪ್ರತಿ ಮರುಸಂಪರ್ಕದಲ್ಲೂ ಹೊಸ ಥ್ರೆಡ್ ಗುಂಪು ತೆರೆದು ಮುಚ್ಚದೆ ಬಿಟ್ಟ ಕೋಡ್ ಎಲ್ಲೋ ಇದೆ ಎಂದು ಅನುಮಾನಿಸಬೇಕು.

ಅಮೆಜಾನ್ ಆ ದಿನ ಸೇರಿಸಿದ ಸಾಮರ್ಥ್ಯವನ್ನು ಹಿಂತೆಗೆದುಕೊಂಡು, ಸರ್ವರ್‌ಗಳನ್ನು ಗಂಟೆಗೆ ಕೆಲವು ನೂರರಂತೆ ಎಚ್ಚರದಿಂದ ಮರಳಿ ಚಾಲೂ ಮಾಡಿತು. ಪರೀಕ್ಷಿಸದೆ ಮಿತಿ ಏರಿಸಲು ಒಪ್ಪಲಿಲ್ಲ. ಆಮೇಲೆ ಅದು ಪ್ರಕಟಿಸಿದ ವರದಿಯಲ್ಲಿದ್ದ ಪರಿಹಾರಗಳಲ್ಲಿ ಮೊದಲನೆಯದು, ಹೆಚ್ಚು ಬಲದ ಆದರೆ ಸಂಖ್ಯೆಯಲ್ಲಿ ಕಡಿಮೆ ಸರ್ವರ್‌ಗಳು. ಜೊತೆಗೆ, ಥ್ರೆಡ್ ಬಳಕೆಯ ಮೇಲೆ ಸೂಕ್ಷ್ಮ ಎಚ್ಚರಿಕೆ ಗಂಟೆಗಳನ್ನೂ ಸೇರಿಸುವುದಾಗಿ ಅದು ಹೇಳಿತು.